ಅಲ್ಯೂಮಿನಿಯಂ ಚಕ್ರ ಹೊಳೆಯುತ್ತಿಲ್ಲವೇ? ಪಾಲಿಶ್ ಡಬ್ಬಿ ಬದಲಾಯಿಸುವ ಮೊದಲು ಇಷ್ಟು ನೋಡಿ

ಚಕ್ರ ಮಂಕಾಯಿತು ಅಂದರೆ ನಮ್ಮ ಕೋಲಾರದ ಕಡೆ ಮೊದಲು ಬದಲಾಗುವುದು ಪಾಲಿಶ್ ಡಬ್ಬಿ. ಒಂದು ಹಿಡಿಸಲಿಲ್ಲ ಅಂತ ಇನ್ನೊಂದು, ಅದೂ ಆಗಲಿಲ್ಲ ಅಂತ ಅದಕ್ಕಿಂತ ದುಬಾರಿಯದು. ಆದರೆ ತಪ್ಪು ಡಬ್ಬಿಯದಾಗಿರುವುದು ಕಡಿಮೆ. ತೊಳೆದ ನೀರು, ಒರೆಸಿದ ಬಟ್ಟೆ, ಸರ್ವಿಸ್ ಅಂಗಡಿಯಲ್ಲಿ ಹೊಡೆದ ಕೆಮಿಕಲ್, ಬ್ರೇಕಿನ ಪುಡಿ, ಇವುಗಳಲ್ಲಿ ಒಂದರ ಕೈವಾಡವೇ ಜಾಸ್ತಿ. ಎಷ್ಟೋ ಸಲ ಆ ಚಕ್ರ ಬರಿ ಅಲ್ಯೂಮಿನಿಯಂ ಆಗಿರುವುದೇ ಇಲ್ಲ, ಮೇಲೆ ಲ್ಯಾಕರ್, ಅಂದರೆ ಗಾಜಿನಂಥ ತೆಳು ಪಾರದರ್ಶಕ ಪದರ, ಇರುತ್ತದೆ.

ಹಾಗಾಗಿ ಕಣ್ಣಿಗೆ ಏನು ಕಾಣುತ್ತಿದೆಯೋ ಅಲ್ಲಿಂದಲೇ ಶುರು ಮಾಡೋಣ. ಖರ್ಚಿಲ್ಲದ ಪರೀಕ್ಷೆ ಮೊದಲು, ಮರಳು ಕಾಗದ, ಡ್ರಿಲ್ಲು ಎಲ್ಲ ಆಮೇಲೆ.

ಎಷ್ಟು ಉಜ್ಜಿದರೂ ಬಟ್ಟೆ ಕಪ್ಪಾಗುತ್ತಿಲ್ಲ

ಎಲ್ಲಕ್ಕಿಂತ ಮೊದಲು ಇದನ್ನೇ ನೋಡಿ. ಚಕ್ರದ ಒಳಬದಿಯಲ್ಲಿ, ಯಾರಿಗೂ ಕಾಣದ ಕಡೆ, ರೂಪಾಯಿ ನಾಣ್ಯದಷ್ಟು ಜಾಗ ತೊಳೆದು ಒಣಗಿಸಿ. ಬಿಳಿ ಹತ್ತಿ ಬಟ್ಟೆಗೆ ಒಂದು ಚೂರು ಮೆಟಲ್ ಪಾಲಿಶ್ ಹಚ್ಚಿ ಅರ್ಧ ನಿಮಿಷ ಉಜ್ಜಿ. ಬರಿ ಅಲ್ಯೂಮಿನಿಯಂ ಆಗಿದ್ದರೆ ಬಟ್ಟೆ ನಾಲ್ಕೈದು ಸಲ ಆಡುವಷ್ಟರಲ್ಲಿ ಕರ್ರಗಾಗುತ್ತದೆ. ಅದು ಕೊಳೆಯಲ್ಲ. ಸವೆದು ಬಂದ ಲೋಹ ಮತ್ತು ಅದರ ಆಕ್ಸೈಡಿನ ನಯವಾದ ಪುಡಿ. ಬಟ್ಟೆಯಲ್ಲಿ ಪಾಲಿಶಿನ ಬಣ್ಣವೇ ಉಳಿದರೆ ಚಕ್ರದ ಮೇಲೆ ಲ್ಯಾಕರ್ ಇದೆ, ಇಲ್ಲವೇ ಅನೋಡೈಸ್ ಮಾಡಿದ್ದಾರೆ, ಅಂದರೆ ಕರೆಂಟು ಹರಿಸಿ ಮೇಲಿನ ಆಕ್ಸೈಡ್ ಪದರವನ್ನು ದಪ್ಪ ಮಾಡಿದ್ದಾರೆ.

ಅನುಮಾನ ಉಳಿದರೆ ಮಲ್ಟಿಮೀಟರ್ ಇದ್ದವರನ್ನು ಕೇಳಿ. ಕಂಟಿನ್ಯುಟಿಗೆ (ಕರೆಂಟು ಹರಿದರೆ ಬೀಪ್ ಅನ್ನುವ ಗುರುತಿಗೆ) ಇಟ್ಟು ಎರಡೂ ಕಡ್ಡಿಗಳನ್ನು ಚಕ್ರದ ಮೇಲೆ ಹಗುರವಾಗಿ ಮುಟ್ಟಿಸಿ. ಬೀಪ್ ಅಂದರೆ ಬರಿ ಲೋಹ. ಸುಮ್ಮನಿದ್ದರೆ ಮೇಲೊಂದು ಪದರ ಇದೆ. ಕಡ್ಡಿಯನ್ನು ಒತ್ತಿ ಗೀಚಿದರೆ ಪದರ ಹರಿದು ಬೀಪ್ ಬಂದುಬಿಡುತ್ತದೆ, ಅದಕ್ಕೇ ಹಗುರವಾಗಿ ಅಂದದ್ದು.

ಬೈಕಿನ ಕಡ್ಡಿ ಚಕ್ರವಾದರೆ ಒಂದು ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಕ್ರೋಮ್ ಮಾಡಿದ ಉಕ್ಕಿನ ರಿಮ್. ಅಲ್ಯೂಮಿನಿಯಂ ಪಾಲಿಶಿಗೂ ಅದಕ್ಕೂ ಸಂಬಂಧ ಇಲ್ಲ.

ಕಂಪನಿಯಿಂದ ಬರುವ ಕಾರಿನ ಅಲಾಯ್ ಚಕ್ರಗಳಲ್ಲಿ ಹೆಚ್ಚಿನವು ಪೇಂಟ್ ಅಥವಾ ಲ್ಯಾಕರ್ ಹೊದ್ದವೇ. ಲೇತ್‌ನಲ್ಲಿ ಕೆತ್ತಿದಂತೆ ಸಣ್ಣ ಗೆರೆ ಕಾಣುವ ಡೈಮಂಡ್ ಕಟ್ ಚಕ್ರಕ್ಕೂ ಮೇಲೆ ಲ್ಯಾಕರ್ ಇರುತ್ತದೆ. ಇವಕ್ಕೆ ಮೆಟಲ್ ಪಾಲಿಶ್ ಉಜ್ಜಿದರೆ ಲ್ಯಾಕರ್ ಮಬ್ಬಾಗುತ್ತದೆ, ಹೊಳಪು ಬರುವುದಿಲ್ಲ. ಪೇಂಟಿಗೆ ಹಾಕುವ ಕಾರ್ ಪಾಲಿಶ್, ಮೇಣ ಸಾಕು. ಬರಿ ಲೋಹ ಸಿಗುವುದು ಯಾರೋ ಪದರ ತೆಗೆಸಿ ಬಫ್ (ತಿರುಗುವ ಬಟ್ಟೆಯ ಗಾಲಿಯಿಂದ ಪಾಲಿಶ್) ಮಾಡಿಸಿದ ಚಕ್ರಗಳಲ್ಲಿ, ಹೊರಗಿನಿಂದ ತಂದು ಹಾಕಿಸಿದ ಕೆಲವು ಪಾಲಿಶ್ ಚಕ್ರಗಳಲ್ಲಿ.

ಒಂದು ಕಡೆ ಕಪ್ಪಾಗಿ ಇನ್ನೊಂದು ಕಡೆ ಆಗದಿದ್ದರೆ ಲ್ಯಾಕರ್ ಅಲ್ಲಲ್ಲಿ ಎದ್ದುಹೋಗಿದೆ ಅಂತ ಅರ್ಥ. ಇಂಥ ಚಕ್ರವನ್ನು ಯಾವ ಪಾಲಿಶೂ ಒಂದೇ ಬಣ್ಣಕ್ಕೆ ತರುವುದಿಲ್ಲ. ಪೂರ್ತಿ ತೆಗೆಸಬೇಕು, ಇಲ್ಲ ಇದ್ದ ಹಾಗೇ ಬಿಡಬೇಕು.

ತೊಳೆದು ಒಣಗಿದ ಮೇಲೆ ಬಿಳಿ ಚುಕ್ಕಿ, ಬಿಳಿ ಉಂಗುರ

ಇದು ನಮ್ಮ ನೀರಿನ ಕಾಣಿಕೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ಈಗ ಸುದ್ದಿಯೇ ಅಲ್ಲ. ಅಷ್ಟು ಆಳದಿಂದ ಬರುವ ಗಡಸು ನೀರು ಗೀಸರಿಗೆ, ನಲ್ಲಿಗೆ ಏನು ಮಾಡುತ್ತದೋ ಚಕ್ರಕ್ಕೂ ಅದನ್ನೇ ಮಾಡುತ್ತದೆ. ಹನಿ ಆರುತ್ತದೆ, ಅದರಲ್ಲಿದ್ದ ಸುಣ್ಣ ಉಂಗುರದ ಹಾಗೆ ಉಳಿಯುತ್ತದೆ.

ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಬಿಳಿ ಹುಡಿ ಎದ್ದು ಕೆಳಗೆ ಲೋಹ ನಯವಾಗಿದ್ದರೆ ಬರಿ ಸುಣ್ಣ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಚುಕ್ಕಿಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ತಕ್ಷಣ ನೀರು ಹಾಕಿ ತೊಳೆದು ಒರೆಸಿ. ಹೆಚ್ಚು ಹೊತ್ತು ಬಿಡಬೇಡಿ. ಹುಳಿ ಎಷ್ಟೇ ಸೌಮ್ಯವಾದರೂ ಅಲ್ಯೂಮಿನಿಯಂಗೆ ಅದು ನೆಂಟನಲ್ಲ.

ಹುಡಿ ಹೋದ ಮೇಲೆ ಕೆಳಗೆ ತರಿತರಿ ಇದ್ದರೆ ಅದು ಸುಣ್ಣವಲ್ಲ, ಲೋಹವೇ ತಿಂದುಹೋಗಿದೆ. ಕೆಳಗೆ ಗುಂಡಿಯ ಭಾಗ ಓದಿ.

ಮತ್ತೆ ಚುಕ್ಕಿ ಬರದಂತೆ ಮಾಡುವುದು ಸುಲಭ. ಬಿಸಿಲಲ್ಲಿ ತೊಳೆಯಬೇಡಿ, ಚಕ್ರವನ್ನು ತಾನಾಗಿ ಒಣಗಲು ಬಿಡಬೇಡಿ, ತಕ್ಷಣ ಒರೆಸಿ. ಕೊನೆಯ ಜಾಲಾಟಕ್ಕೆ ಮಾತ್ರ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಒಂದು ಚೊಂಬು ಸಾಕು, ಚಕ್ರಕ್ಕೊಂದು. ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಕೆಲವರು ಉಳಿತಾಯ ಅಂತ ಆರ್‌ಓ ಯಂತ್ರ ಹೊರಗೆ ಬಿಡುವ ವೇಸ್ಟ್ ನೀರಿನಲ್ಲಿ ಗಾಡಿ ತೊಳೆಯುತ್ತಾರೆ. ಸುಣ್ಣ, ಉಪ್ಪು ಎಲ್ಲ ಅದರಲ್ಲೇ ಸೇರಿರುತ್ತದೆ, ಬೋರ್ ನೀರಿಗಿಂತ ಕೆಟ್ಟದ್ದು. ಗಿಡಕ್ಕೇ ಯೋಚಿಸಿ ಹಾಕಬೇಕಾದ ನೀರು ಅದು.

ಕಿತ್ತಳೆ, ಕಂದು ಬಣ್ಣದ ಸಣ್ಣ ಚುಕ್ಕಿಗಳು

ಅಲ್ಯೂಮಿನಿಯಂಗೆ ತುಕ್ಕಿನ ಬಣ್ಣ ಬರುವುದಿಲ್ಲ. ಕಿತ್ತಳೆ ಕಂಡರೆ ಅದು ಹೊರಗಿನ ಕಬ್ಬಿಣ. ಬ್ರೇಕ್ ಡಿಸ್ಕ್, ಪ್ಯಾಡ್ ಸವೆದು ಹಾರುವ ಬಿಸಿ ಪುಡಿ ಚಕ್ರಕ್ಕೆ ಕಚ್ಚಿಕೊಂಡು, ನೀರು ತಾಗಿದಾಗ ತುಕ್ಕು ಹಿಡಿಯುತ್ತದೆ. ಮುಂದಿನ ಚಕ್ರದಲ್ಲಿ ಜಾಸ್ತಿ, ಹಿಂದಿನದರಲ್ಲಿ ಕಡಿಮೆ ಇದ್ದರೆ ಬ್ರೇಕಿನದೇ ಅಂತ ತಿಳಿಯಿರಿ. ಮುಂದಿನ ಒಂದೇ ಒಂದು ಚಕ್ರದಲ್ಲಿ ವಿಪರೀತ ಪುಡಿ ಇದ್ದರೆ ಆ ಕಡೆಯ ಬ್ರೇಕ್ ಹಿಡಿದುಕೊಂಡಿರಬಹುದು. ಪಾಲಿಶ್ ಆಮೇಲೆ, ಮೊದಲು ಮೆಕ್ಯಾನಿಕ್.

ಸೋಪಿನ ನೀರಿಗೆ ಹೋಗದಿದ್ದರೆ ಐರನ್ ರಿಮೂವರ್ ತನ್ನಿ. ಲೇಬಲ್ ಮೇಲೆ ನ್ಯೂಟ್ರಲ್ ಪಿಎಚ್ (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ಅಂತ ಇರಲಿ, ಬರಿ ಅಲ್ಯೂಮಿನಿಯಂಗೆ ಆಗುತ್ತದೆ ಅಂತಲೂ ಇರಲಿ. ಕಬ್ಬಿಣ ಸಿಕ್ಕ ಕಡೆ ಅದು ನೇರಳೆ ಬಣ್ಣಕ್ಕೆ ತಿರುಗಿ ಸುರಿಯುತ್ತದೆ. ವಾಸನೆ ಕೊಳೆತ ಮೊಟ್ಟೆಯಂಥದ್ದು, ಮನೆಯವರಿಗೆ ಮೊದಲೇ ಹೇಳಿಟ್ಟಿರಿ. ಒಣಗುವ ಮುಂಚೆ ತೊಳೆಯಿರಿ.

ನಂದಿ ಬೆಟ್ಟ ಇಳಿದು ಬಂದವರು ಕೆಳಗೇ ಚಕ್ರಕ್ಕೆ ನೀರು ಹಾಕಬೇಡಿ. ಅಷ್ಟು ತಿರುವಿನಲ್ಲಿ ಬ್ರೇಕ್ ಹಿಡಿದ ಡಿಸ್ಕ್ ಸುಡುತ್ತಿರುತ್ತದೆ. ಕೈ ಇಡುವಷ್ಟು ತಣ್ಣಗಾಗಲಿ.

ಕಬ್ಬಿಣದ ನಾರಿನಿಂದ, ಪಾತ್ರೆ ಉಜ್ಜುವ ಸ್ಟೀಲ್ ಬ್ರಷ್ಷಿನಿಂದ ಉಜ್ಜಿದ ಚಕ್ರದಲ್ಲೂ ಇದೇ ಚುಕ್ಕಿ ಬರುತ್ತದೆ. ಮುರಿದ ಎಳೆ ಲೋಹದೊಳಗೆ ಕೂತು ತುಕ್ಕಾಗುತ್ತದೆ.

ತೊಳೆದ ಕೂಡಲೇ ಬೂದು ಅಥವಾ ಕಪ್ಪಾಯಿತು

ಸರ್ವಿಸ್‌ಗೆ ಬಿಡುವಾಗ ಹೊಳೆಯುತ್ತಿದ್ದ ಚಕ್ರ ವಾಪಸ್ ಬರುವಾಗ ಸೀಸದ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಹಾಕಿದ ದ್ರಾವಣವನ್ನು ವಿಚಾರಿಸಿ. ಅಲ್ಯೂಮಿನಿಯಂ ಮೇಲೆ ತಾನಾಗಿ ಹುಟ್ಟುವ ತೆಳು ಆಕ್ಸೈಡ್ ಪದರವೇ ಅದರ ರಕ್ಷಣೆ. ಪಿಎಚ್ ಸುಮಾರು 4ರಿಂದ 8.5ರ ಒಳಗೆ ಆ ಪದರ ನಿಲ್ಲುತ್ತದೆ. ಅದಕ್ಕಿಂತ ಹುಳಿಯಾದರೂ ಕರಗುತ್ತದೆ, ಕ್ಷಾರವಾದರೂ ಕರಗುತ್ತದೆ. ಅಡುಗೆಮನೆಯಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ: ಬೋರ್ ನೀರು ಕುದಿಸಿದ ಅಲ್ಯೂಮಿನಿಯಂ ಪಾತ್ರೆ ಒಳಗೆ ಕಪ್ಪಾಗುತ್ತದೆ, ಅದರಲ್ಲೇ ಟೊಮೆಟೊ ಸಾರು ಮಾಡಿದರೆ ಬೆಳ್ಳಗಾಗುತ್ತದೆ.

ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ, ಎಂಜಿನ್ ಜಿಡ್ಡು ತೆಗೆಯುವ ಕ್ಷಾರದ ಡಿಗ್ರೀಸರ್, ಟಾಯ್ಲೆಟ್ ಕ್ಲೀನರ್, ಇವು ಯಾವುವೂ ಬರಿ ಅಲ್ಯೂಮಿನಿಯಂಗೆ ಬೇಡ. ಹೆದ್ದಾರಿ ಬದಿಯ ವಾಟರ್ ಸರ್ವಿಸ್‌ಗಳಲ್ಲಿ ಬಿಳಿ ಕ್ಯಾನಿನಲ್ಲಿ ಹೆಸರಿಲ್ಲದ ಒಂದು ದ್ರಾವಣ ಇಟ್ಟಿರುತ್ತಾರೆ. "ಇದು ಹೊಡೆದ್ರೆ ಫಳಫಳ ಅಂತದೆ ಅಣ್ಣಾ" ಅನ್ನುತ್ತಾರೆ. ನಿಜ, ಅಂತದೆ. ಮೊದಲು ಬೆಳ್ಳಗೆ ನೊರೆ ಏಳುತ್ತದೆ, ಮೇಲಿನ ಪದರ ಕರಗಿ ಲೋಹ ಮಿಂಚುತ್ತದೆ. ನೀರು ಬಿಟ್ಟು ಒಣಗಿದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ.

ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಬ್ರೈಟನರ್ ಹೆಸರಿನ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಚರ್ಮಕ್ಕೆ ತಾಗಿದ ತಕ್ಷಣ ಉರಿ ಕಾಣದೆ ಗಂಟೆಗಟ್ಟಲೆ ಬಿಟ್ಟು ಒಳಗಿನಿಂದ ನೋವು ಶುರುವಾಗಬಹುದು. ತಾಗಿತು ಅಂತ ಗೊತ್ತಾದರೆ ನೋವಿಗೆ ಕಾಯಬೇಡಿ. ಧಾರಾಳ ನೀರು ಸುರಿಯುತ್ತಾ ತೊಳೆದು, ಡಬ್ಬಿಯ ಲೇಬಲ್ ಸಮೇತ ಆಸ್ಪತ್ರೆಗೆ ಹೋಗಿ. ಲೇಬಲ್ ಇಲ್ಲದ ದ್ರಾವಣ ಮುಟ್ಟಲೇಬೇಡಿ.

ಬಣ್ಣ ಬದಲಾಗಿದ್ದರೂ ಕೈಗೆ ನಯವಾಗಿದ್ದರೆ ಕ್ರೀಮ್ ಪಾಲಿಶಿಗೆ ವಾಪಸ್ ಬರುತ್ತದೆ. ತರಿಯಾಗಿದ್ದರೆ ಮರಳು ಕಾಗದ ಹಿಡಿಯಬೇಕು.

ಚಕ್ರ ಪೂರ್ತಿ ಮಂಕು, ಆದರೆ ಮೇಲ್ಮೈ ನಯವಾಗಿದೆ

ಇದು ಒಳ್ಳೆಯ ಸುದ್ದಿ. ಬರಿ ಆಕ್ಸಿಡೇಶನ್. ಪಾಲಿಶ್ ಆರಿಸುವ ಪ್ರಶ್ನೆ ನಿಜವಾಗಿ ಬರುವುದು ಇಲ್ಲಿ.

ಎಲ್ಲ ಪಾಲಿಶೂ ಒಂದೇ ಕೆಲಸ ಮಾಡುತ್ತದೆ, ಸಣ್ಣ ಗಟ್ಟಿ ಕಣಗಳಿಂದ ಲೋಹವನ್ನು ಸವೆಸುವುದು. ಕಣ ಎಷ್ಟು ದಪ್ಪ ಅನ್ನುವುದೇ ವ್ಯತ್ಯಾಸ. ಕೆಲಸ ಮಾಡುವವುಗಳಲ್ಲಿ ಅತಿ ಸೌಮ್ಯವಾದದ್ದು ಯಾವುದೋ ಅದೇ ನಿಮ್ಮ ಪಾಲಿಶ್. ಹಾಗಾಗಿ ಸೌಮ್ಯದಿಂದ ಮೇಲಕ್ಕೆ ಹೋಗಿ.

ದ್ರಾವಣದಲ್ಲಿ ನೆನೆಸಿದ ಹತ್ತಿ ಡಬ್ಬಿಯಲ್ಲಿ ಬರುತ್ತದಲ್ಲ, ನೆವರ್ ಡಲ್ ಥರದ್ದು, ಅದು ಎಲ್ಲಕ್ಕಿಂತ ಹಗುರ. ಈಗಾಗಲೇ ಹೊಳೆಯುವ ಚಕ್ರವನ್ನು ಹಾಗೇ ಉಳಿಸಿಕೊಳ್ಳಲು ಸರಿ, ಹಳೆಯ ಮಂಕಿಗೆ ಸಾಲದು. ಅದರ ಮೇಲಿನದು ಅಲ್ಯೂಮಿನಿಯಂಗೆಂದೇ ಮಾಡಿದ ಕ್ರೀಮ್ ಅಥವಾ ಪೇಸ್ಟ್: ಮದರ್ಸ್ ಮ್ಯಾಗ್ ಅಂಡ್ ಅಲ್ಯೂಮಿನಿಯಂ, ಟ್ಯೂಬಿನಲ್ಲಿ ಬರುವ ಆಟೋಸಾಲ್. ಒಂದೇ ಒಂದು ಡಬ್ಬಿ ಕೊಳ್ಳುವುದಾದರೆ ಈ ಜಾತಿಯದನ್ನೇ ಕೊಳ್ಳಿ. ಮನೆಯಲ್ಲಿ ಬ್ರಾಸೋ ಇದೆ, ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹೊಳಪು ಬರುತ್ತದೆ. ಆದರೆ ಅದರಲ್ಲಿ ಅಮೋನಿಯಾ ಇದೆ, ಮೂಲೆಯಲ್ಲಿ ಒಣಗಲು ಬಿಡದೆ ತೊಳೆಯಬೇಕು. ತುರ್ತಿಗೆ ಸರಿ, ರೂಢಿಗೆ ಬೇಡ. ಪೇಂಟ್ ಅಂಗಡಿಯ ರಬ್ಬಿಂಗ್ ಕಾಂಪೌಂಡ್ ಒರಟು. ಕಾಗದ ಹಿಡಿದ ನಂತರದ ಹಂತಕ್ಕೆ ಮಾತ್ರ. ಹುಣಸೆಹಣ್ಣು, ನಿಂಬೆ, ಹಿತ್ತಾಳೆ ತೊಳೆಯುವ ಪುಡಿ ದೇವರ ಸಾಮಾನಿಗೇ ಇರಲಿ.

ಉಜ್ಜುವ ಕ್ರಮದಲ್ಲೇ ಅರ್ಧ ಫಲ ಇದೆ. ಚಕ್ರ ತಣ್ಣಗಿರಬೇಕು, ನೆರಳಲ್ಲಿರಬೇಕು. ಒಂದು ಸಲಕ್ಕೆ ಒಂದೇ ಸ್ಪೋಕ್. ಕಡಲೆಕಾಳಿನಷ್ಟು ಪೇಸ್ಟ್ ಸಾಕು. ಕಪ್ಪು ರಸ ಬರುವ ತನಕ ಉಜ್ಜಿ, ಅದು ಒಣಗುವ ಮುಂಚೆ ಬೇರೆ ಬಟ್ಟೆಯಿಂದ ತೆಗೆಯಿರಿ, ಮೂರನೇ ಸ್ವಚ್ಛ ಬಟ್ಟೆಯಿಂದ ಹೊಳಪು ಕೊಡಿ. ಬಟ್ಟೆ ಬೆಳ್ಳಗೆ ಬರುವ ತನಕ ಉಜ್ಜುತ್ತೇನೆ ಅಂತ ಹಟ ಹಿಡಿದರೆ ರಾತ್ರಿಯಾಗುತ್ತದೆ. ಪಾಲಿಶ್ ಹಚ್ಚಿ ಉಜ್ಜಿದಷ್ಟೂ ಕಪ್ಪು ಬರುತ್ತಲೇ ಇರುತ್ತದೆ, ಸವೆಯುತ್ತಿರುವುದು ಲೋಹ ತಾನೆ. ಕೊನೆಗೆ ಉಳಿಯುವ ಜಿಡ್ಡಿನ ಕಪ್ಪಿಗೆ ಒಂದು ಹಿಡಿ ಮೈದಾ ಉದುರಿಸಿ ಒಣ ಬಟ್ಟೆಯಿಂದ ತಿಕ್ಕಿ. ಲಾರಿಯವರ ಹಳೆಯ ಉಪಾಯ ಇದು, ಹಿಟ್ಟು ಜಿಡ್ಡನ್ನು ಹೀರಿಕೊಂಡು ಬರುತ್ತದೆ.

ಪಾಲಿಶ್ ಆಯಿತು, ಆದರೆ ಹಾಲಿನಂಥ ಮಬ್ಬು ಅಥವಾ ಸುತ್ತು ಗೀರು

ನೆರಳಲ್ಲಿ ಚೆನ್ನಾಗಿದ್ದು ಬಿಸಿಲಿಗೆ ತಂದಾಗ ಜೇಡನ ಬಲೆಯ ಹಾಗೆ ಗೀರು ಕಂಡರೆ ಮೊದಲು ಬಟ್ಟೆ ನೋಡಿ. ಮಾಲೂರು, ಮುಳಬಾಗಿಲು ಕಡೆ ಜಲ್ಲಿ ಕ್ರಷರ್ ಹತ್ತಿರ ಓಡಾಡುವ ಗಾಡಿಗೆ ಇದು ಸಾಮಾನ್ಯ. ಗ್ರಾನೈಟ್ ಧೂಳಿನಲ್ಲಿರುವ ಬೆಣಚುಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ 7, ಅಲ್ಯೂಮಿನಿಯಂನದು 3ಕ್ಕೂ ಕಡಿಮೆ. ಒಂದು ಕಣ ಬಟ್ಟೆಯಲ್ಲಿ ಸಿಕ್ಕರೂ ಪೂರ್ತಿ ಸ್ಪೋಕಿಗೆ ಗೆರೆ. ಪಾಲಿಶಿಗೆ ಮುಂಚೆ ಚಕ್ರವನ್ನು ಎರಡು ಸಲ ತೊಳೆಯಿರಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಚಕ್ರಕ್ಕೆ ಹಚ್ಚಬೇಡಿ. ಹಳೆ ಪ್ಯಾಂಟು, ಟೆರಿಕಾಟ್ ಬೇಡ, ಮೆತ್ತಗಿನ ಬನಿಯನ್ ಬಟ್ಟೆ ಅಥವಾ ಮೈಕ್ರೋಫೈಬರ್ ಇರಲಿ.

ಬಟ್ಟೆ ಸರಿಯಿದ್ದೂ ಮಬ್ಬು ಇದ್ದರೆ ಪಾಲಿಶ್ ಒರಟಾಯಿತು ಅಂತ. ಒಂದು ಹಂತ ನಯವಾದದ್ದರಿಂದ ಮತ್ತೊಮ್ಮೆ ಮಾಡಿ.

ಅದೂ ಮಾಡಿ, ಎಲ್ಲ ಸರಿಯಿದ್ದೂ ಕನ್ನಡಿಯಂಥ ಹೊಳಪು ಬರುತ್ತಿಲ್ಲವೇ? ಎರಕದ ಚಕ್ರವಾಗಿದ್ದರೆ ಅಲ್ಲಿಗೆ ತೃಪ್ತಿಪಡಿ. ಎರಕದ ಚಕ್ರಗಳಿಗೆ ಹೆಚ್ಚಾಗಿ ಬಳಸುವ ಎ356 ಮಿಶ್ರಲೋಹದಲ್ಲಿ ಸುಮಾರು 7 ಶೇಕಡಾ ಸಿಲಿಕಾನ್ ಇರುತ್ತದೆ, ಜೊತೆಗೆ ಸೂಜಿಮೊನೆಯಂಥ ಗಾಳಿ ರಂಧ್ರಗಳು. ಫೋರ್ಜ್ ಮಾಡಿದ, ಅಂದರೆ ಗಟ್ಟಿ ಲೋಹವನ್ನು ಒತ್ತಿ ರೂಪ ಕೊಟ್ಟ ಚಕ್ರದ ಹೊಳಪು ಇದಕ್ಕೆ ಬರುವುದಿಲ್ಲ, ಯಾವ ದೇಶದ ಡಬ್ಬಿ ತಂದರೂ.

ಬಿಳಿ ಪುಡಿ, ಕೈಗೆ ಸಿಗುವ ಗುಂಡಿ

ತುಂಬಾ ದಿನ ಕೊಳೆ, ಉಪ್ಪು, ತೇವ ಕೂತಿದ್ದ ಕಡೆ ಲೋಹ ಕೊರೆದುಕೊಂಡು ಹೋಗಿರುತ್ತದೆ. ಎಪಿಎಂಸಿಯಿಂದ ಟೊಮೆಟೊ ಹೊತ್ತು ಓಡಾಡುವ ಗಾಡಿಗಳಲ್ಲಿ ಕ್ರೇಟಿನಿಂದ ಸೋರಿದ ಹುಳಿ ರಸ ಚಕ್ರದ ಮೇಲೆ ಒಣಗುವುದೂ ಉಂಟು. ಅಂದಂದೇ ತೊಳೆದುಬಿಡಿ. ಗುಂಡಿಯನ್ನು ಪಾಲಿಶ್ ತುಂಬುವುದಿಲ್ಲ. ಸುತ್ತಲಿನ ಲೋಹವನ್ನು ಗುಂಡಿಯ ತಳದ ತನಕ ಇಳಿಸಬೇಕು, ಅದಕ್ಕೆ ವಾಟರ್ ಪೇಪರ್, ಅಂದರೆ ಒದ್ದೆ ಮಾಡಿ ಉಜ್ಜುವ ಮರಳು ಕಾಗದ.

ಕಾಗದದ ನಂಬರು ಹೆಚ್ಚಿದಷ್ಟೂ ಅದು ನಯ. ಗುಂಡಿ ಉಗುರಿಗೆ ಅಷ್ಟಾಗಿ ಸಿಗದಿದ್ದರೆ 800ರಿಂದ, ಸಿಕ್ಕರೆ 400ರಿಂದ ಶುರು ಮಾಡಿ. ನೀರಿಗೆ ಎರಡು ಹನಿ ಶಾಂಪೂ ಹಾಕಿ ಕಾಗದ ಒದ್ದೆ ಮಾಡಿಕೊಂಡೇ ಉಜ್ಜಿ. 400, 600, 800, 1000, 1500, 2000, ಒಂದನ್ನೂ ಹಾರಿಸಬೇಡಿ. ಪ್ರತಿ ಹಂತಕ್ಕೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿ. ಹಿಂದಿನ ಗೆರೆ ಪೂರ್ತಿ ಅಳಿದ ಮೇಲೆ ಮಾತ್ರ ಮುಂದಿನ ಕಾಗದ. ಅವಸರದಲ್ಲಿ 600ರ ಗೆರೆ ಉಳಿಸಿ ಮುಂದೆ ಹೋದರೆ, ಅದು ಕೊನೆಯ ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ, ಮತ್ತೆ ಹಿಂದಕ್ಕೆ ಬರಬೇಕು. ಮುಗಿದ ಮೇಲೆ ರಬ್ಬಿಂಗ್ ಕಾಂಪೌಂಡ್, ಆಮೇಲೆ ಕ್ರೀಮ್.

ಟೈರ್ ಕೂರುವ ಅಂಚು, ವೀಲ್ ನಟ್ ಕೂರುವ ಇಳಿಜಾರು, ಹಬ್‌ಗೆ ಅಂಟುವ ಹಿಂಬದಿ, ಈ ಮೂರು ಕಡೆ ಕಾಗದ ಮುಟ್ಟಿಸಬೇಡಿ.

ಒಣ ಕಾಗದ, ಗ್ರೈಂಡರ್ ಹಿಡಿದು ಪುಡಿ ಎಬ್ಬಿಸುವವರಿಗೆ ಒಂದು ಮಾತು. ಅಲ್ಯೂಮಿನಿಯಂನ ನಯ ಪುಡಿ ಗಾಳಿಯಲ್ಲಿ ಎದ್ದಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಕಬ್ಬಿಣ ಕಡಿಯುವ ಜಾಗದಲ್ಲಿ, ವೆಲ್ಡಿಂಗ್ ಪಕ್ಕದಲ್ಲಿ ಈ ಕೆಲಸ ಬೇಡ. ಮಾಸ್ಕ್, ಕನ್ನಡಕ ಇರಲಿ. ಡ್ರಿಲ್ಲಿಗೆ ಬಫ್ ಹಾಕುವುದಾದರೆ ಉದ್ದ ತೋಳಿನ ಅಂಗಿ, ಜೋತಾಡುವ ಬಟ್ಟೆ, ಕೈಗವಸು ಬೇಡ. ತಿರುಗುವ ಬಫ್ ಎಳೆದುಕೊಳ್ಳುತ್ತದೆ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರಿಗೆ ಹಾಕಿ, ತಿರುಗುವ ಚಕ್ರಕ್ಕೆ ಬಟ್ಟೆ ಹಿಡಿಯುವ ವಿಡಿಯೋಗಳಿವೆ. ಬಟ್ಟೆ ಚೈನಿಗೆ ಸಿಕ್ಕರೆ ಬೆರಳು ಅದರ ಹಿಂದೆಯೇ ಹೋಗುತ್ತದೆ. ಮಾಡಲೇಬೇಡಿ.

ಹುಳು ಹರಿದಂಥ ಬಿಳಿ ಗೆರೆಗಳು

ಕಲ್ಲು ಬಡಿದು ಲ್ಯಾಕರ್ ಒಡೆದ ಜಾಗದಿಂದ ಗೆರೆ ಹರಿಯುತ್ತಾ ಹೋಗಿದ್ದರೆ, ಲ್ಯಾಕರ್ ಅಡಿಯಲ್ಲಿ ಲೋಹ ಕೊರೆಯುತ್ತಿದೆ. ಮೇಲಿಂದ ಏನು ಹಚ್ಚಿದರೂ ತಲುಪುವುದಿಲ್ಲ. ಲ್ಯಾಕರ್ ತೆಗೆಸಿ ಮತ್ತೆ ಹೊದಿಸುವ ಅಂಗಡಿಗೇ ಕೊಡಬೇಕು.

ಎರಡೇ ವಾರಕ್ಕೆ ಮತ್ತೆ ಮಂಕು

ಬರಿ ಅಲ್ಯೂಮಿನಿಯಂ ಸಾಕುವುದು ಅಂದರೆ ಹೀಗೇ, ನೋಡಿಕೊಳ್ಳುತ್ತಲೇ ಇರಬೇಕು. ಪಾಲಿಶ್ ಹೊಳಪು ಕೊಡುತ್ತದೆ, ಅದನ್ನು ಹೆಚ್ಚು ದಿನ ಕಾಯುವುದಿಲ್ಲ. ಪಾಲಿಶ್ ಆದ ಮೇಲೆ ಸೌಮ್ಯ ಶಾಂಪೂವಿನಿಂದ ತೊಳೆದು ಒಣಗಿಸಿ, ಮೇಲೆ ಸೀಲಂಟ್, ಅಂದರೆ ಹೊಳಪು ಕಾಯುವ ಲೇಪ, ಹಚ್ಚಿ. ಕಾರ್ನೂಬಾ ಮೇಣ 82ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ, ಬ್ರೇಕಿನ ಬಿಸಿಗೆ ಬಾಳುವುದು ಕಡಿಮೆ. ಚಕ್ರಕ್ಕೆಂದೇ ಬರುವ ಸಿಂಥೆಟಿಕ್ ಸೀಲಂಟ್ ಮೇಲು. ವಾರಕ್ಕೊಮ್ಮೆ ತೊಳೆದು ಒರೆಸಿದರೆ ಹತ್ತಿ ಪಾಲಿಶಿನಲ್ಲೇ ಕಾಲ ಹಾಕಬಹುದು. ಇಷ್ಟು ಪುರುಸೊತ್ತು ಇಲ್ಲ ಅನ್ನುವವರು ಪೌಡರ್ ಕೋಟ್ (ಪುಡಿ ಬಣ್ಣ ಹಾಕಿ ಬೇಯಿಸಿದ ಗಟ್ಟಿ ಪದರ) ಮಾಡಿಸುವುದೇ ವಾಸಿ. ಸುಮ್ನೆ ಹೇಳುತ್ತಿಲ್ಲ, ಓಡಾಟ ಜಾಸ್ತಿ ಇರುವ ಗಾಡಿಗೆ ಬರಿ ಲೋಹ ಒಂದು ತಲೆನೋವೇ.

ಪಾಲಿಶ್ ಕೆಳಗಿಟ್ಟು ಚಕ್ರದವರ ಹತ್ತಿರ ಹೋಗಬೇಕಾದದ್ದು

ಉಜ್ಜುವಾಗ ಕೂದಲೆಳೆಯಂಥ ಗೆರೆ ಸಿಕ್ಕಿ, ಅದರೊಳಗೆ ಮಾತ್ರ ಕಪ್ಪು ಹೋಗದೆ ಉಳಿದರೆ ಅದು ಬಿರುಕಾಗಿರಬಹುದು. ಸ್ಪೋಕ್ ಬುಡ, ನಟ್ ರಂಧ್ರಗಳ ಸುತ್ತ, ರಿಮ್ಮಿನ ಒಳ ಅಂಚು ಇವುಗಳಲ್ಲಿ ಜಾಸ್ತಿ ನೋಡಿ. ಒಂದೇ ಚಕ್ರದಲ್ಲಿ ಪದೇ ಪದೇ ಗಾಳಿ ಇಳಿಯುವುದು, ವೇಗದಲ್ಲಿ ಸ್ಟೀರಿಂಗ್ ನಡುಗುವುದು, ಹಂಪ್‌ಗೆ ಬಿದ್ದ ಮೇಲೆ ಅಂಚು ಸೊಟ್ಟಗಾಗಿರುವುದು, ಇವು ಇರಲಿ ಇಲ್ಲದಿರಲಿ, ಆ ಗೆರೆ ಕಂಡರೆ ಆ ಚಕ್ರದಲ್ಲಿ ಗಾಡಿ ಓಡಿಸಬೇಡಿ, ಸ್ಟೆಪ್ನಿ ಹಾಕಿ. ಕಾಯಿಸಿ ಬಡಿದು ನೆಟ್ಟಗೆ ಮಾಡಿಕೊಡುತ್ತೇವೆ, ವೆಲ್ಡ್ ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಚಕ್ರದ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ಕೊಟ್ಟ ಶಾಖ ಸಂಸ್ಕಾರದಿಂದ, ಬೆಂಕಿ ತೋರಿಸಿದ ಕಡೆ ಅದು ಹೋಗುತ್ತದೆ. ಸ್ಪೋಕಿಗೆ ಬಿರುಕು ಬಿಟ್ಟ ಚಕ್ರಕ್ಕೆ ಬದಲಿ ಚಕ್ರವೇ ದಾರಿ.

ಬ್ರೇಕ್ ಡಿಸ್ಕಿಗೆ ಪಾಲಿಶ್, ಮೇಣ ಅಥವಾ ಟೈರ್ ಹೊಳಪಿನ ಎಣ್ಣೆ ಸಿಡಿದಿದ್ದರೆ ಬ್ರೇಕ್ ಕ್ಲೀನರ್ ಹಾಕಿ ಸ್ವಚ್ಛ ಬಟ್ಟೆಯಿಂದ ಒರೆಸಿ. ಪ್ಯಾಡ್ ಎಣ್ಣೆ ಕುಡಿದಿದ್ದರೆ ಬದಲಾಯಿಸಬೇಕು, ಕಾಯಿಸಿ ಒಣಗಿಸುವ ಉಪಾಯ ನಂಬಬೇಡಿ. ಪಾಲಿಶ್ ಮುಗಿದ ದಿನ ಗಾಡಿ ತೆಗೆದಾಗ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿ, ಆಮೇಲೆ ಹೆದ್ದಾರಿಗೆ ಹತ್ತಿ. ಚಕ್ರ ಬಿಚ್ಚಿ ಕೆಲಸ ಮಾಡಿದ್ದರೆ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ಬಿಗಿ ನೋಡಿ.